‘ಓಕೆ’ ಎಂದು ಬರೆದ ಕೈ ನನ್ನದೂ ಹೌದು

ಕಳೆದ ಡಿಸೆಂಬರ್‌ನ ಒಂದು ಬೆಳಿಗ್ಗೆ ನನ್ನ ರೂಮ್‌ಮೇಟ್ ಸ್ವಲ್ಪದರಲ್ಲಿ ಬದುಕಿಕೊಂಡ.

ದಾವಣಗೆರೆಯಲ್ಲೂ ಚಳಿ ಇರುತ್ತದೆ ಎಂದರೆ ಇಲ್ಲಿನ ಏಪ್ರಿಲ್ ಕಂಡವರು ನಗುತ್ತಾರೆ. ಆದರೆ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ಚೊಂಬು ತಣ್ಣೀರು ಮೈಮೇಲೆ ಸುರಿದುಕೊಂಡು ನೋಡಿ, ಗೊತ್ತಾಗುತ್ತದೆ. ನಮ್ಮ ಪಿ.ಜಿ.ಯಲ್ಲಿ ಬಿಸಿನೀರು ಬರುವುದು ಆರೂವರೆವರೆಗೆ ಮಾತ್ರ. ಇಂಟರ್ನಲ್ಸ್ ಇದ್ದಾಗ ರಾತ್ರಿ ಎರಡಕ್ಕೆ ಮಲಗುವ ನಮಗೆ ಆ ಹೊತ್ತಿಗೆ ಎದ್ದು ಸಾಲು ನಿಲ್ಲುವುದು ಆಗದ ಮಾತು. ಹಾಗಾಗಿ ಇಬ್ಬರೂ ದುಡ್ಡು ಹಾಕಿ ಒಂದು ಹೀಟರ್ ಕಾಯಿಲ್ ತರುವುದೆಂದು ತೀರ್ಮಾನವಾಯಿತು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಐನೂರರ ಮೇಲೆ ಹೇಳಿದರು. ಬಸ್ ನಿಲ್ದಾಣದ ಹತ್ತಿರದ ತಳ್ಳುಗಾಡಿಯಲ್ಲಿ ನೋಡಲು ಅಂಥದ್ದೇ ಒಂದು ನೂರಾ ಎಂಬತ್ತಕ್ಕೆ ಸಿಕ್ಕಿತು. ಪೊಟ್ಟಣದ ಮೇಲೆ ದೊಡ್ಡದಾಗಿ ‘ಐಎಸ್‌ಐ’ ಎಂದೂ ಇತ್ತು. ಉಳಿದ ದುಡ್ಡಿನಲ್ಲಿ ಬೆಣ್ಣೆದೋಸೆ ತಿಂದು, ಬಲು ಜಾಣರಂತೆ ರೂಮಿಗೆ ಬಂದೆವು.

ಮೂರು ವಾರ ಅದು ಚೆನ್ನಾಗಿಯೇ ಕೆಲಸ ಮಾಡಿತು. ಅಂದು ಬೆಳಿಗ್ಗೆ ಅವನು ನೀರು ಕಾದಿದೆಯೇ ಎಂದು ನೋಡಲು, ಸ್ವಿಚ್ ಆರಿಸದೆ ಬಕೆಟ್‌ಗೆ ಬೆರಳು ಅದ್ದಿದ. ಮರುಕ್ಷಣ ನಾನು ಕಂಡದ್ದು ಅವನು ಬಾಗಿಲಿಗೆ ಬಡಿದುಕೊಂಡು ಬಿದ್ದದ್ದನ್ನು. ಭುಜಕ್ಕೆ ಪೆಟ್ಟಾಗಿತ್ತು. ಅರ್ಧ ಗಂಟೆ ಕೈ ನಡುಗುತ್ತಲೇ ಇತ್ತು, ಮಾತು ಹೊರಡಲಿಲ್ಲ. ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಇವತ್ತಿಗೂ ನಾವಿಬ್ಬರೂ ಜೋರಾಗಿ ಮಾತನಾಡುವುದಿಲ್ಲ.

ನಾಚಿಕೆಯ ಸಂಗತಿ ಎಂದರೆ, ನಾವಿಬ್ಬರೂ ಓದುತ್ತಿರುವುದು ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಆಗ ಐದನೇ ಸೆಮಿಸ್ಟರ್.

ಬಿಚ್ಚಿ ನೋಡಿದಾಗ

ಆ ಸಂಜೆ ಕಾಯಿಲ್ ಬಿಚ್ಚಿದೆ. ಪ್ಲಗ್‌ಗೆ ಮೂರು ಪಿನ್ ಇತ್ತು. ಮೇಲಿನ ದಪ್ಪ ಪಿನ್ ಅರ್ಥಿಂಗ್‌ನದು. ಅದು ಉಳಿದೆರಡಕ್ಕಿಂತ ಉದ್ದವಾಗಿಯೂ ಇರುತ್ತದೆ. ಯಾಕೆಂದರೆ ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅರ್ಥ್ ಸೇರಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ನಮ್ಮ ಪ್ಲಗ್‌ನಲ್ಲೂ ಆ ಪಿನ್ ಗತ್ತಿನಿಂದ ನಿಂತಿತ್ತು. ಆದರೆ ಅದಕ್ಕೆ ವೈರೇ ಇರಲಿಲ್ಲ. ಕೇಬಲ್ ಒಳಗೆ ಇದ್ದದ್ದು ಎರಡೇ ಎಳೆ. ಮೂರನೆಯ ಪಿನ್ ಬರೀ ನೋಟಕ್ಕೆ.

ಪಿನ್‌ಗಳಿಗೆ ಅಯಸ್ಕಾಂತ ಹಿಡಿದೆ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ, ಇದಕ್ಕೆ ಗಟ್ಟಿಯಾಗಿ ಅಂಟಿತು. ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ ಬಳಿದಿದ್ದರು. ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದಲ್ಲಿ ಕಾಂಟ್ಯಾಕ್ಟ್ ಸರಿಯಾಗಿ ಕೂರದೆ ಬಿಸಿಯಾಗುತ್ತದೆ. ಪೊಟ್ಟಣದ ಮೇಲೆ 1500 ವಾಟ್ ಎಂದಿತ್ತು. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು ಆರೂವರೆ ಆಂಪ್. ಕೊಟ್ಟಿದ್ದ ಪ್ಲಗ್ 6 ಆಂಪ್‌ನದು. ಪಿಯುಸಿ ಲೆಕ್ಕ ಗೊತ್ತಿದ್ದವರಿಗೂ ಹೊಳೆಯುವ ತಪ್ಪು ಇದು. ಕೊಳ್ಳುವಾಗ ನಮಗೆ ಹೊಳೆಯಲಿಲ್ಲ.

ಕಾಯಿಲ್‌ನ ರಚನೆ ಸರಳ. ನಡುವೆ ನೈಕ್ರೋಮ್ ತಂತಿ, ಅದರ ಸುತ್ತ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಹೊರಗೆ ಲೋಹದ ಕೊಳವೆ. ಆ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ತೇವ ಹೀರಿದರೆ ಅದರ ತಡೆಯುವ ಶಕ್ತಿ ಕುಗ್ಗುತ್ತದೆ. ಅದಕ್ಕೇ ಕೊಳವೆಯ ತುದಿಯನ್ನು ಚೆನ್ನಾಗಿ ಸೀಲ್ ಮಾಡಬೇಕು. ನಮ್ಮದರಲ್ಲಿ ಸೀಲ್ ಬಿರುಕು ಬಿಟ್ಟಿತ್ತು. ತೇವ ಒಳಗಿಳಿದು, ಕೊಳವೆಗೆ ಕರೆಂಟ್ ಬಂದಿತ್ತು. ಅರ್ಥ್ ವೈರ್ ಇದ್ದಿದ್ದರೆ ಸೋರಿದ ಕರೆಂಟ್ ಸುಲಭದ ಆ ದಾರಿಯಲ್ಲಿ ಭೂಮಿ ಸೇರುತ್ತಿತ್ತು. ಇಲ್ಲದ್ದರಿಂದ ನನ್ನ ಗೆಳೆಯನ ಬೆರಳನ್ನು ಹುಡುಕಿಕೊಂಡು ಬಂತು.

‘ಎಂಸಿಬಿ ಇರುತ್ತಲ್ಲ, ಬೀಳಲಿಲ್ಲವೇ?’ ಎಂದು ಕ್ಲಾಸಿನಲ್ಲಿ ಕೆಲವರು ಕೇಳಿದರು. ಬೀಳುವುದಿಲ್ಲ. ಒದ್ದೆಯಾದ ದೇಹದ ಪ್ರತಿರೋಧ ಸಾವಿರ ಓಮ್ ಎಂದು ಹಿಡಿದರೆ, 230 ವೋಲ್ಟ್‌ಗೆ ಹರಿಯುವುದು 230 ಮಿಲಿಆಂಪ್. ನಮ್ಮ ರೂಮಿನ ಎಂಸಿಬಿ 16 ಆಂಪ್‌ನದು, ಅಂದರೆ 16,000 ಮಿಲಿಆಂಪ್. ಅದು ಇರುವುದು ವೈರಿಂಗ್ ಸುಡದಂತೆ ಕಾಯಲು. ಮನುಷ್ಯನನ್ನು ಕಾಯಲು ಬೇಕಾದದ್ದು ಆರ್‌ಸಿಸಿಬಿ. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್ ಸೋರಿಕೆಗೇ ಲೈನ್ ಕತ್ತರಿಸುತ್ತದೆ. ನಮ್ಮ ಪಿ.ಜಿ.ಯಲ್ಲಿ ಅದು ಇಲ್ಲ. ನೀವಿರುವ ಹಾಸ್ಟೆಲ್, ಪಿ.ಜಿ.ಯಲ್ಲಿ ಇದೆಯೇ? ಇವತ್ತೇ ಬೋರ್ಡ್ ನೋಡಿ. ‘ಟೆಸ್ಟ್’ ಎಂದು ಬರೆದ ಸಣ್ಣ ಗುಂಡಿ ಇದ್ದರೆ ಇದೆ ಎಂದು ತಿಳಿಯಿರಿ.

ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಿದ್ದು ಅವನ ತಪ್ಪೇ. ಎಂಥ ಒಳ್ಳೆಯ ಕಾಯಿಲ್ ಆದರೂ ಹಾಗೆ ಮಾಡಬಾರದು. ಆದರೆ ಮನುಷ್ಯ ನಿದ್ದೆಗಣ್ಣಲ್ಲಿ ತಪ್ಪು ಮಾಡುತ್ತಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸುರಕ್ಷತಾ ಮಾನದಂಡಗಳನ್ನು ಬರೆದಿರುತ್ತಾರೆ. ಒಂದು ತಪ್ಪಿಗೆ ಒಂದು ಜೀವ ಹೋಗಬಾರದು ಎಂಬುದೇ ಅವುಗಳ ಉದ್ದೇಶ.

ಆ ಮುದ್ರೆಯ ಹಿಂದೆ

ಹಾಗಾದರೆ ಪೊಟ್ಟಣದ ಮೇಲಿದ್ದ ‘ಐಎಸ್‌ಐ’? ಅದನ್ನು ಹುಡುಕಲು ಕುಳಿತಾಗಲೇ ನನಗೆ ಎಷ್ಟು ಕಡಿಮೆ ಗೊತ್ತಿದೆ ಎಂಬುದು ಗೊತ್ತಾಯಿತು.

ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಶುರುವಾದದ್ದು 1947ರಲ್ಲಿ. ಆ ಹೆಸರಿನ ಸಂಸ್ಥೆ ಈಗ ಇಲ್ಲ. 1986ರ ಕಾಯ್ದೆಯ ಪ್ರಕಾರ 1987ರಲ್ಲಿ ಅದರ ಜಾಗಕ್ಕೆ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ಬಂತು. ಸಂಸ್ಥೆ ಹೋದರೂ ಜನರ ಬಾಯಲ್ಲಿ ಕೂತ ಐಎಸ್‌ಐ ಗುರುತು ಹಾಗೇ ಉಳಿಯಿತು. ಈಗ ನಡೆಯುತ್ತಿರುವುದು 2016ರ ಬಿಐಎಸ್ ಕಾಯ್ದೆ. ಎಲ್ಲ ಸಾಮಾನಿಗೂ ಈ ಗುರುತು ಕಡ್ಡಾಯವಲ್ಲ, ಆದರೆ ಜೀವಕ್ಕೆ ಕುತ್ತು ತರಬಲ್ಲ ಹಲವು ವಸ್ತುಗಳಿಗೆ ಕಡ್ಡಾಯ. ಹೀಟರ್ ಕಾಯಿಲ್, ಐರನ್ ಬಾಕ್ಸ್, ಮನೆಯ ವೈರ್, ಸ್ವಿಚ್‌ಗಳು ಆ ಪಟ್ಟಿಗೆ ಸೇರಿದ್ದು 2003ರ ಆದೇಶದಿಂದ. ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ, ಬೈಕ್ ಹೆಲ್ಮೆಟ್‌ಗಳಿಗೆ ಅದೇ ವರ್ಷದ ಜೂನ್‌ನಿಂದ ಕಡ್ಡಾಯವಾಯಿತು.

ನಿಜವಾದ ಐಎಸ್‌ಐ ಗುರುತು ಬರೀ ಮೂರು ಅಕ್ಷರವಲ್ಲ. ಅದರ ಮೇಲೆ ‘ಐಎಸ್’ ಎಂದು ಶುರುವಾಗುವ ಮಾನಕದ ಸಂಖ್ಯೆ ಇರಬೇಕು. ಹೆಲ್ಮೆಟ್‌ಗಾದರೆ ಐಎಸ್ 4151. ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆ ಒಂದು ನಿರ್ದಿಷ್ಟ ಕಾರ್ಖಾನೆಗೆ, ಒಂದು ನಿರ್ದಿಷ್ಟ ವಸ್ತುವಿಗೆ ಕೊಟ್ಟದ್ದು. ‘ಬಿಐಎಸ್ ಕೇರ್’ ಎಂಬ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರಿಗೆ ಕೊಟ್ಟದ್ದು, ಈಗ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್‌ನಂಥ ಎಲೆಕ್ಟ್ರಾನಿಕ್ ಸಾಮಾನುಗಳದು ಬೇರೆ ವ್ಯವಸ್ಥೆ. ಅವುಗಳ ಮೇಲೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನೂ ಅದೇ ಆ್ಯಪ್‌ನಲ್ಲಿ ನೋಡಬಹುದು.

ನಮ್ಮ ಕಾಯಿಲ್‌ನ ಪೊಟ್ಟಣದಲ್ಲಿ ಮಾನಕದ ಸಂಖ್ಯೆ ಇರಲಿಲ್ಲ. ಲೈಸೆನ್ಸ್ ಸಂಖ್ಯೆಯ ಜಾಗದಲ್ಲಿ ಏನೋ ಅಂಕಿಗಳಿದ್ದವು. ಆ್ಯಪ್‌ನಲ್ಲಿ ಹಾಕಿದೆ. ಅಂಥ ಲೈಸೆನ್ಸೇ ಇಲ್ಲ ಎಂದಿತು.

ಇನ್ನೂ ಕೆಲವು ಗುರುತುಗಳ ಬಗ್ಗೆ ನಮ್ಮ ತಲೆಯಲ್ಲಿ ಗೊಂದಲ ಇದೆ. ‘ಐಎಸ್ಒ 9001’ ಎಂದು ಬರೆದಿದ್ದರೆ ಅದು ಆ ಕಂಪನಿಯ ಕೆಲಸದ ವ್ಯವಸ್ಥೆಗೆ ಸಿಕ್ಕ ಪ್ರಮಾಣಪತ್ರ, ನಿಮ್ಮ ಕೈಯಲ್ಲಿರುವ ವಸ್ತುವನ್ನು ಯಾರೋ ಪರೀಕ್ಷಿಸಿದ್ದಾರೆ ಎಂದು ಅರ್ಥವಲ್ಲ. ಫ್ರಿಜ್ ಮೇಲಿನ ನಕ್ಷತ್ರಗಳು ಕರೆಂಟ್ ಎಷ್ಟು ಉಳಿಯುತ್ತದೆ ಎಂದು ಹೇಳುತ್ತವೆ, ಶಾಕ್ ಹೊಡೆಯುವುದಿಲ್ಲ ಎಂದಲ್ಲ. ‘ಸಿಇ’ ಯುರೋಪಿನ ಮಾರುಕಟ್ಟೆಗೆ ಬೇಕಾದ ಗುರುತು, ಬಹುಪಾಲು ವಸ್ತುಗಳಿಗೆ ತಯಾರಕರು ತಾವೇ ಘೋಷಿಸಿಕೊಂಡು ಹಾಕುವಂಥದ್ದು. ನಮ್ಮಲ್ಲಿ ಅದು ಐಎಸ್‌ಐಗೆ ಬದಲಿಯಾಗುವುದಿಲ್ಲ.

ನಕಲಿ ಗುರುತು ಹಾಕುವವರಿಗೆ 2016ರ ಕಾಯ್ದೆಯಲ್ಲಿ ಜೈಲು ಶಿಕ್ಷೆಯೂ ಇದೆ, ಲಕ್ಷಗಟ್ಟಲೆ ದಂಡವೂ ಇದೆ. ಓದಿದಷ್ಟೂ ನನ್ನ ಕೋಪ ಏರಿತು. ಇಂಥವರನ್ನು ಹಿಡಿದು ಒಳಗೆ ಹಾಕಬೇಕು ಎಂದು ರೂಮಿನಲ್ಲಿ ಭಾಷಣ ಮಾಡಿದೆ. ಪೊಟ್ಟಣದ ಫೋಟೊ ತೆಗೆದು ಆ್ಯಪ್‌ನಲ್ಲೇ ದೂರು ದಾಖಲಿಸಿದೆ. ರಾತ್ರಿ ಮಲಗಿದಾಗ ಒಂದು ರಿಜಿಸ್ಟರ್ ನೆನಪಾಯಿತು. ಆಮೇಲೆ ನಿದ್ದೆ ಬರಲಿಲ್ಲ.

ಅರವತ್ತು ಸಾಲುಗಳು

ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ ನಾನು ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದ್ದೆ. ಉತ್ತರ ಕರ್ನಾಟಕದ ಒಂದು ಊರಿನ ಕೈಗಾರಿಕಾ ಪ್ರದೇಶದಲ್ಲಿ, ಐರನ್ ಬಾಕ್ಸ್ ತಯಾರಿಸುವ ಸಣ್ಣ ಘಟಕ. ಹೆಸರು ಬೇಡ. ಅವರ ಬಳಿ ಲೈಸೆನ್ಸ್ ಇತ್ತು, ನಕಲಿಯಲ್ಲ. ಕೆಲಸಗಾರರು ಶ್ರಮಜೀವಿಗಳು. ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿಯಲ್ಲಿ ನನಗೂ ಪಾಲು ಕೊಟ್ಟವರು.

ಲೈಸೆನ್ಸ್ ಸಿಗುವುದು ಹೇಗೆ ಎಂದು ನಾನು ಕಲಿತದ್ದು ಅಲ್ಲಿಯೇ. ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ, ಬಿಐಎಸ್ ಅಧಿಕಾರಿಗಳು ಕಾರ್ಖಾನೆ ನೋಡುತ್ತಾರೆ, ಆಮೇಲೂ ಆಗಾಗ ಕಾರ್ಖಾನೆಯಿಂದ, ಮಾರುಕಟ್ಟೆಯಿಂದ ಮಾದರಿ ಎತ್ತಿ ಪರೀಕ್ಷಿಸುತ್ತಾರೆ. ಆದರೆ ಅಧಿಕಾರಿಗಳು ದಿನವೂ ಬಂದು ನಿಲ್ಲಲು ಆಗುವುದಿಲ್ಲ. ದಿನದಿನದ ಪರೀಕ್ಷೆಯನ್ನು ಕಾರ್ಖಾನೆಯೇ ಮಾಡಿ ದಾಖಲೆ ಇಡಬೇಕು. ಐರನ್ ಬಾಕ್ಸ್‌ನ ಅರ್ಥ್ ಪಿನ್‌ಗೂ ಲೋಹದ ಮೈಗೂ ಸಂಪರ್ಕ ಇದೆಯೇ, ಮನೆಯ 230 ವೋಲ್ಟ್‌ಗಿಂತ ಎಷ್ಟೋ ಹೆಚ್ಚಿನ ವೋಲ್ಟೇಜ್ ಕೊಟ್ಟಾಗಲೂ ಇನ್ಸುಲೇಷನ್ ತಡೆಯುತ್ತದೆಯೇ ಎಂದು ಪ್ರತಿಯೊಂದು ಪೀಸ್‌ಗೂ ನೋಡಬೇಕು. ಒಂದೊಂದಕ್ಕೆ ಅರ್ಧ ನಿಮಿಷದ ಕೆಲಸ. ಕೊನೆಯ ವಾರ ಆ ರಿಜಿಸ್ಟರ್ ಬರೆಯುವ ಕೆಲಸ ನನಗೆ ಸಿಕ್ಕಿತ್ತು.

ಅವತ್ತು ಇನ್ನೂರರ ಲಾಟ್. ನೂರಾ ನಲವತ್ತು ಮುಗಿಯುವಾಗ ಲಾರಿ ಬಂದು ನಿಂತಿತು. ಸೂಪರ್‌ವೈಸರ್ ಬಂದು ಹೆಗಲ ಮೇಲೆ ಕೈ ಹಾಕಿದರು. ‘ತಮ್ಮಾ, ಮಷಿನ್ ಒಂದ ಐತಿ. ಲಾಟ್ ಇವತ್ತ ಹೋಗಬೇಕು. ಉಳಿದಿದ್ದಕ್ಕ ಓಕೆ ಅಂತ ಬರದಬಿಡು. ಎಲ್ಲಾ ಒಂದ ಥರದ ಮಾಲು.’

ನಾನು ಬರೆದೆ. ಅರವತ್ತು ಸಾಲು, ಅರವತ್ತು ‘ಓಕೆ’. ಕೊನೆಯಲ್ಲಿ ನನ್ನ ಸಹಿ. ಐದು ನಿಮಿಷವೂ ಹಿಡಿಯಲಿಲ್ಲ. ಕೈ ನಡುಗಲಿಲ್ಲ. ಸರ್ಟಿಫಿಕೇಟ್ ಸಿಕ್ಕಿತು, ಕಾಲೇಜಿಗೆ ವರದಿ ಕೊಟ್ಟೆ, ವೈವಾದಲ್ಲಿ ‘ಪ್ರತಿಯೊಂದು ಪೀಸ್ ಅನ್ನೂ ಪರೀಕ್ಷಿಸಲಾಗುತ್ತದೆ’ ಎಂದು ಹೇಳಿ ಒಳ್ಳೆಯ ಅಂಕವನ್ನೂ ಪಡೆದೆ.

ಡಿಸೆಂಬರ್‌ನ ಆ ರಾತ್ರಿ ನನಗೆ ತಲೆಯಲ್ಲಿ ತಿರುಗಿದ್ದು ಒಂದೇ ಪ್ರಶ್ನೆ. ಆ ಅರವತ್ತರಲ್ಲಿ ಒಂದಕ್ಕೆ ಅರ್ಥ್ ವೈರ್ ಬಿಟ್ಟುಹೋಗಿದ್ದರೆ? ಬಹುಶಃ ಎಲ್ಲವೂ ಸರಿಯಾಗಿಯೇ ಇದ್ದಿರಬಹುದು. ಆದರೆ ‘ಬಹುಶಃ’ ಎನ್ನುವುದು ಬೇಡ ಎಂದೇ ಅಲ್ಲವೇ ಆ ಯಂತ್ರ ಇಟ್ಟದ್ದು? ಮರುದಿನ ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳಿದೆ. ಅವರು ನಕ್ಕರು. ‘ಅದು ಹೋಗಿ ಎಷ್ಟು ತಿಂಗಳಾತು! ಎಲ್ಲಿ ಹುಡುಕೂದು ಅದನ್ನ? ನೀ ಓದಿನ ಕಡೆ ನೋಡು’ ಎಂದರು. ಅವರ ಮಾತು ನಿಜ. ಹುಡುಕಲು ಆಗುವುದಿಲ್ಲ. ಅವು ಯಾವ ಊರಿನ ಯಾವ ಮನೆಯಲ್ಲಿವೆಯೋ, ಯಾರು ಒದ್ದೆ ಕೈಯಲ್ಲಿ ಹಿಡಿಯುತ್ತಿದ್ದಾರೋ.

ಅಪ್ಪನ ಪ್ರಶ್ನೆ

ನನ್ನ ಊರು ಹಾವೇರಿ ಜಿಲ್ಲೆಯಲ್ಲಿ. ಅಪ್ಪ ಏಳನೇ ಕ್ಲಾಸಿನವರೆಗೆ ಓದಿದ ರೈತ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಗುರುತಿಲ್ಲದ ಪೈಪ್ ತಂದು ಹೂಳಿದ್ದರು. ಮೊದಲ ಹಂಗಾಮಿನಲ್ಲೇ ಅದು ಸೀಳಿ, ನೀರೆಲ್ಲ ಪಕ್ಕದ ಹೊಲಕ್ಕೆ ಹೋಯಿತು. ಅಂದಿನಿಂದ ಪೈಪ್ ಇರಲಿ, ಪಂಪ್‌ಸೆಟ್ ಇರಲಿ, ವೈರ್ ಇರಲಿ, ಅಂಗಡಿಯಲ್ಲಿ ಅವರ ಮೊದಲ ಮಾತು ‘ಐಎಸ್‌ಐ ಐತೇನ್ರಿ?’ ಎಂಬುದೇ. ಪಿವಿಸಿ ಪೈಪ್‌ನ ಮಾನಕ ಐಎಸ್ 4985 ಎಂಬುದು ಅವರಿಗೆ ಗೊತ್ತಿಲ್ಲ. ಪೈಪ್ ಉದ್ದಕ್ಕೂ ಅಚ್ಚಾದ ಆ ಗುರುತನ್ನು ಬೆರಳಿನಿಂದ ಸವರಿ ನೋಡುತ್ತಾರೆ, ಅಷ್ಟೇ.

ಊರಿಗೆ ಹೋದಾಗ ಕಾಯಿಲ್ ಕಥೆ ಹೇಳಿದೆ. ‘ಮುನ್ನೂರು ರೂಪಾಯಿ ಉಳಸಾಕ ಜೀವಾ ಒತ್ತಿ ಇಟ್ಟಿದ್ರೇನ?’ ಎಂದು ಬೈದರು. ಆಮೇಲೆ ರಿಜಿಸ್ಟರ್ ಕಥೆಯನ್ನೂ ಹೇಳಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತ ನಾ ಪೈಪಿನ ಮ್ಯಾಲಿನ ಆ ಮಾರ್ಕ್ ನಂಬೂದು ಹ್ಯಾಂಗ?’ ಎಂದು ಕೇಳಿದರು.

ನನ್ನ ಬಳಿ ಉತ್ತರ ಇರಲಿಲ್ಲ. ಐಎಸ್‌ಐ ಗುರುತು ಎಂದರೆ ಕಾಯ್ದೆ, ಪ್ರಯೋಗಾಲಯ, ಅಧಿಕಾರಿ ಎಂದೆಲ್ಲ ನಾವು ತಿಳಿದಿದ್ದೇವೆ. ಅದೆಲ್ಲ ಹೌದು. ಆದರೆ ಸರಪಳಿಯ ಕೊನೆಯ ಕೊಂಡಿಯಲ್ಲಿ ನಿಂತಿರುವುದು ಒಬ್ಬ ಮನುಷ್ಯ, ಅವನ ಕೈಯಲ್ಲಿ ಒಂದು ಪೆನ್ನು. ಅವನು ನೋಡಿದ್ದನ್ನು ಬರೆದರೆ ಆ ಗುರುತಿಗೆ ಬೆಲೆ. ನೋಡದೆ ಬರೆದರೆ, ಅಸಲಿ ಲೈಸೆನ್ಸ್ ಇದ್ದರೂ ತಳ್ಳುಗಾಡಿಯ ಕಾಯಿಲ್‌ಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಶೇ 104ರ ಎಫಿಶಿಯೆನ್ಸಿ

ಅಂದು ನನ್ನ ಕೈ ಯಾಕೆ ನಡುಗಲಿಲ್ಲ ಎಂದು ಯೋಚಿಸಿದ್ದೇನೆ. ಉತ್ತರ ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿದೆ. ಅಭ್ಯಾಸ ಆಗಿಹೋಗಿತ್ತು.

ಮೂರನೇ ಸೆಮಿಸ್ಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಲೋಡ್ ಟೆಸ್ಟ್ ಮಾಡುವಾಗ ನಮ್ಮ ತಂಡಕ್ಕೆ ಎಫಿಶಿಯೆನ್ಸಿ ಶೇ 104 ಬಂತು. ಕೊಟ್ಟದ್ದಕ್ಕಿಂತ ಹೆಚ್ಚು ಹೊರಗೆ ಬರುತ್ತಿದೆ ಎಂದರೆ ನಾವು ಜಗತ್ತಿನ ಇಂಧನ ಸಮಸ್ಯೆಯನ್ನೇ ಬಗೆಹರಿಸಿದಂತೆ! ವಾಟ್‌ಮೀಟರ್‌ನ ಗುಣಕವನ್ನು ತಪ್ಪಾಗಿ ಹಾಕಿದ್ದೆವೋ, ಸಂಪರ್ಕ ತಪ್ಪಿತ್ತೋ ಎಂದು ಹುಡುಕಿದ್ದರೆ ಅವತ್ತು ಏನಾದರೂ ಕಲಿಯುತ್ತಿದ್ದೆವು. ನಾವು ಮಾಡಿದ್ದು ಬೇರೆ. ಸೀನಿಯರ್ ರೆಕಾರ್ಡ್ ತಂದು, ಉತ್ತರ 96 ಬರುವಂತೆ ರೀಡಿಂಗ್‌ಗಳನ್ನು ಹಿಂದಿನಿಂದ ಬರೆದೆವು. ಹತ್ತಕ್ಕೆ ಒಂಬತ್ತೂವರೆ ಅಂಕ ಸಿಕ್ಕಿತು. ಪ್ರಾಮಾಣಿಕವಾಗಿ 104 ಬರೆದ ಪಕ್ಕದ ತಂಡಕ್ಕೆ ಆರು.

ಇದನ್ನು ಓದುತ್ತಿರುವ ಎಂಜಿನಿಯರಿಂಗ್, ಡಿಪ್ಲೊಮಾ, ಬಿ.ಎಸ್ಸಿ. ಗೆಳೆಯರೇ, ನಿಮ್ಮ ರೆಕಾರ್ಡ್‌ನಲ್ಲಿ ಇಂಥ ಒಂದು ಪುಟವೂ ಇಲ್ಲ ಎಂದು ಎದೆ ಮುಟ್ಟಿ ಹೇಳಿ. ಹೇಳಬಲ್ಲವರಿಗೆ ನನ್ನ ನಮಸ್ಕಾರ. ಉಳಿದವರು ನನ್ನ ಜತೆಗಿದ್ದೀರಿ. ನಾಲ್ಕು ವರ್ಷ ನೋಡದೆ ಬರೆಯುವುದನ್ನು ಕಲಿತು, ಐದನೇ ವರ್ಷ ಕಾರ್ಖಾನೆಯಲ್ಲಿ ನೋಡಿಯೇ ಬರೆಯುತ್ತೇವೆ ಎಂದು ನಂಬುವುದು ಹೇಗೆ?

ಅದಕ್ಕೇ ನನ್ನ ಮೊದಲ ಒತ್ತಾಯ ಕಾಲೇಜುಗಳಿಗೆ. ‘ಸರಿಯಾದ’ ಉತ್ತರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ, ನಿಜವಾದ ರೀಡಿಂಗ್‌ಗೆ ಅಂಕ ಕೊಡಿ. ತಪ್ಪು ಬಂದರೆ ಯಾಕೆ ಬಂತು ಎಂದು ಒಂದು ಪುಟ ಬರೆಸಿ, ಅದಕ್ಕೆ ಹೆಚ್ಚು ಅಂಕ ಕೊಡಿ. ಎರಡನೆಯದು, ನಮಗೆ ಒಂದಾದರೂ ಮಾನಕವನ್ನು ತೋರಿಸಿ ಓದಿಸಿ. ಭಾರತೀಯ ಮಾನಕಗಳನ್ನು ಬಿಐಎಸ್ ಜಾಲತಾಣದಿಂದ ಉಚಿತವಾಗಿ ಪಡೆಯಬಹುದು. ಐದು ಸೆಮಿಸ್ಟರ್ ಮುಗಿಸಿದರೂ ಒಂದನ್ನೂ ನಾನು ತೆರೆದು ನೋಡಿರಲಿಲ್ಲ. ಬಿಐಎಸ್ ಶಾಲಾ ಕಾಲೇಜುಗಳಲ್ಲಿ ಸ್ಟ್ಯಾಂಡರ್ಡ್ಸ್ ಕ್ಲಬ್‌ಗಳನ್ನು ನಡೆಸುತ್ತದೆ. ಅದು ಅಕ್ಟೋಬರ್ 14ರ ವಿಶ್ವ ಮಾನಕ ದಿನದ ಪ್ರಬಂಧ ಸ್ಪರ್ಧೆಗೆ ಮುಗಿಯದೆ, ಅಂಗಡಿಯಿಂದ ಒಂದು ಸಾಮಾನು ತಂದು ಬಿಚ್ಚಿ ಪರೀಕ್ಷಿಸುವ ಕ್ಲಬ್ ಆಗಲಿ.

‘ಬಡವರೇನು ಮಾಡಬೇಕು?’

ಇದನ್ನೆಲ್ಲ ಹೇಳಿದಾಗ ನನ್ನ ರೂಮ್‌ಮೇಟ್‌ನೇ ಒಂದು ಪ್ರಶ್ನೆ ಎತ್ತಿದ. ‘ಐನೂರು ಕೊಡಲು ಆಗುವವನು ಐಎಸ್‌ಐ ತಗೊಳ್ತಾನೆ. ಆಗದವನು? ಆ ಸಣ್ಣ ಫ್ಯಾಕ್ಟರಿಯವರಾದರೂ ಎರಡನೇ ಮಷಿನ್ ಎಲ್ಲಿಂದ ತರಬೇಕು?’

ಅವನ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಆ ಸೂಪರ್‌ವೈಸರ್ ಕೆಟ್ಟವರಲ್ಲ. ಒಂದೇ ಯಂತ್ರ, ಗೇಟಿನಲ್ಲಿ ಲಾರಿ, ಹಣ ಬಾರದಿದ್ದರೆ ಶನಿವಾರದ ಬಟವಾಡೆ ನಿಲ್ಲುತ್ತದೆ. ದೊಡ್ಡ ಕಂಪನಿಗೆ ಪರೀಕ್ಷೆಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ, ಹತ್ತು ಜನರ ಘಟಕಕ್ಕೆ ಅದು ಹೊರೆ. ಸೂಕ್ಷ್ಮ, ಸಣ್ಣ ಘಟಕಗಳಿಗೆ ಬಿಐಎಸ್ ಶುಲ್ಕದಲ್ಲಿ ರಿಯಾಯಿತಿ ಇದೆ. ನನ್ನ ಪ್ರಕಾರ ಅದೊಂದೇ ಸಾಲದು. ಪ್ರತಿ ಕೈಗಾರಿಕಾ ಪ್ರದೇಶದಲ್ಲಿ ಎಲ್ಲರೂ ಸೇರಿ ಬಳಸುವ ಒಂದು ಪರೀಕ್ಷಾ ಕೊಠಡಿ ಬೇಕು. ಸಂಜೆ ಐದರ ನಂತರ ಬೀಗ ಬೀಳುವ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಲ್ಯಾಬ್‌ಗಳನ್ನು ಇದಕ್ಕೆ ತೆರೆದರೆ ಘಟಕಗಳಿಗೂ ಅನುಕೂಲ, ನಮಗೂ ನಿಜವಾದ ಕೆಲಸ ಕಲಿಯಲು ಅವಕಾಶ.

ಆದರೆ ‘ಬಡವರಿಗಾಗಿ ಸ್ವಲ್ಪ ಕಳಪೆ ಇರಲಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರೆಂಟಿಗೆ ಬಡವ ಬಲ್ಲಿದ ಎಂಬ ಭೇದ ಗೊತ್ತಿಲ್ಲ. ಮೂರನೇ ಎಳೆ ವೈರ್ ಉಳಿಸಿದ್ದರಿಂದ ತಯಾರಿಸಿದವನಿಗೆ ಸಿಕ್ಕಿದ್ದು ಕೆಲವೇ ರೂಪಾಯಿ. ಅಷ್ಟಕ್ಕೆ ಒಂದು ಜೀವವನ್ನು ಪಣಕ್ಕಿಡಲಾಗಿತ್ತು. ಕೈಯಲ್ಲಿ ದುಡ್ಡಿಲ್ಲದಿದ್ದರೆ ತಣ್ಣೀರಲ್ಲಿ ಸ್ನಾನ ಮಾಡೋಣ, ನೆಗಡಿ ಬಂದೀತು ಅಷ್ಟೇ. ಇನ್ನೂರು ರೂಪಾಯಿಯ ಹೆಲ್ಮೆಟ್ ಕೂಡ ಇದೇ ಲೆಕ್ಕ. ಒಳ್ಳೆಯ ಹೆಲ್ಮೆಟ್ ಒಳಗೆ ಥರ್ಮಕೋಲ್‌ನಂಥ ಗಟ್ಟಿ ಪದರ ಇರುತ್ತದೆ. ಬಿದ್ದಾಗ ಅದು ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಅಗ್ಗದ್ದರಲ್ಲಿ ಪ್ಲಾಸ್ಟಿಕ್ ಬುರುಡೆ, ಒಳಗೆ ಸ್ಪಂಜು, ಹಿಂದೆ ಐಎಸ್‌ಐ ಸ್ಟಿಕ್ಕರ್. ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿದರೆ ಪೊಲೀಸರಿಗಾಗಿ ಹಾಕುವ ಹೆಲ್ಮೆಟ್‌ಗಳು ಎಷ್ಟು ಬೇಕಾದರೂ ಕಾಣುತ್ತವೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಸಾಫ್ಟ್‌ವೇರ್ ಬಿಟ್ಟರೆ ನಮಗೆ ದಾರಿಯೇ ಇಲ್ಲ ಎಂದು ಕೊರಗುವ ನಾವು, ಪರೀಕ್ಷೆ ಮತ್ತು ಗುಣಮಟ್ಟದ ಈ ಕ್ಷೇತ್ರದ ಕಡೆ ತಿರುಗಿಯೂ ನೋಡುವುದಿಲ್ಲ. ಬಿಐಎಸ್ ತನ್ನ ಸೈಂಟಿಸ್ಟ್-ಬಿ ಹುದ್ದೆಗಳಿಗೆ ಗೇಟ್ ಅಂಕಗಳ ಆಧಾರದ ಮೇಲೆ ಎಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತದೆ. 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಖಾಸಗಿ ಪ್ರಯೋಗಾಲಯಗಳಿವೆ, ಪ್ರತಿ ಕಾರ್ಖಾನೆಯಲ್ಲೂ ಕ್ವಾಲಿಟಿ ವಿಭಾಗವಿದೆ. ಅಲ್ಲಿಗೆ ಹೋಗುವವರು ನಾವೇ. ಮುಂದಿನ ರಿಜಿಸ್ಟರ್‌ಗಳಲ್ಲಿ ‘ಓಕೆ’ ಬರೆಯುವವರೂ ನಾವೇ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ಈ ಸೆಮಿಸ್ಟರ್‌ನ ಲ್ಯಾಬ್‌ನಲ್ಲಿ ಹೋದ ವಾರ ನಮ್ಮ ರೀಡಿಂಗ್ ಮತ್ತೆ ಕೈಕೊಟ್ಟಿತು. ಗ್ರಾಫ್ ಬರಬೇಕಾದ ಕಡೆ ಬರಲಿಲ್ಲ. ತಂಡದವರು ಸೀನಿಯರ್ ರೆಕಾರ್ಡ್‌ಗೆ ಕೈ ಹಾಕಿದರು. ಬೇಡ, ಬಂದದ್ದನ್ನೇ ಬರೆಯೋಣ ಎಂದೆ. ಒಬ್ಬ ಗೊಣಗಿದ. ರೂಮ್‌ಮೇಟ್ ಮಾತ್ರ ಏನೂ ಹೇಳದೆ ಪೆನ್ನು ತೆಗೆದು ಬಂದದ್ದನ್ನೇ ಬರೆದ. ಹತ್ತಕ್ಕೆ ಏಳು ಬಂತು. ಮೀಟರ್ ಒಂದು ಕೆಟ್ಟಿತ್ತು ಎಂದು ಆಮೇಲೆ ಗೊತ್ತಾಗಿ ಇನ್‌ಸ್ಟ್ರಕ್ಟರ್ ಅದನ್ನು ರಿಪೇರಿಗೆ ಕಳಿಸಿದರು. ನಮಗಿಂತ ಮುಂಚೆ ಎಷ್ಟು ತಂಡಗಳು ಅದೇ ಮೀಟರ್‌ನಲ್ಲಿ ಸರಿಯಾದ ಉತ್ತರ ಬರೆದಿದ್ದವೋ ಗೊತ್ತಿಲ್ಲ.

ಆ ಅರವತ್ತು ಐರನ್ ಬಾಕ್ಸ್‌ಗಳನ್ನು ನಾನು ವಾಪಸ್ ತರಿಸಲಾರೆ. ಅಪ್ಪನ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಆ ಏಳು ಅಂಕದ ಪುಟವನ್ನು ಮಾತ್ರ ಈ ಸಲ ಊರಿಗೆ ಹೋಗುವಾಗ ಒಯ್ಯುತ್ತಿದ್ದೇನೆ, ಅವರಿಗೆ ತೋರಿಸಲು.